ಬ್ಯಾಂಡ್ ವಾದ್ಯ ಮೀಮಾಂಸೆ

ವಾದ್ಯಗಳು ನಾಲ್ಕು ಬಗೆ ಎಂದ ಭರತಮುನಿ. ತಂತಿಯದು ತತ, ಚರ್ಮ ಬಿಗಿದದ್ದು ಅವನದ್ಧ, ಊದುವುದು ಸುಷಿರ, ತಾಳ-ಗಂಟೆಗಳಂಥದ್ದು ಘನ. 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಝಾಕ್ಸ್ ಎಂಬ ಯುರೋಪಿನ ಪಂಡಿತರಿಬ್ಬರು ಹೊಸದಾಗಿ ವಿಂಗಡಿಸಲು ಕೂತು, ಹೆಸರು ಬದಲಿಸಿ ಹೆಚ್ಚೂಕಡಿಮೆ ಈ ನಾಲ್ಕಕ್ಕೇ ಬಂದು ನಿಂತರು. ಹಳೇಬೀಡಿನ ಗೋಡೆಯ ಮೇಲಿರುವ ಮದ್ದಳೆಯವರೂ ಕೊಳಲಿನವರೂ ಇಂದಿನವರೆಗೆ ತಕರಾರು ತೆಗೆದಿಲ್ಲ. ತಕರಾರು ಹುಟ್ಟಿದ್ದು ಅರಸೀಕೆರೆ ಸೀಮೆಯ ಶಾಲೆಯೊಂದರ ಆಟದ ಸಾಮಾನಿನ ಕೋಣೆಯಲ್ಲಿ, ಆಗಸ್ಟ್ 15ಕ್ಕೆ ಹತ್ತು ದಿನ ಮುಂಚೆ.

ಅಲ್ಲಿ ಆಚಾರ್ಯರೆಂದರೆ ಪಿ.ಟಿ. ಮೇಷ್ಟ್ರು. ಅವರ ಮತದಲ್ಲಿ ವಿಂಗಡಿಸಬೇಕಾದದ್ದು ವಾದ್ಯಗಳನ್ನಲ್ಲ, ಹುಡುಗರನ್ನು.

ಒಂದು, ದೇಹಾಧೀನ: ದೊಡ್ಡ ಡ್ರಮ್. ಅಧಿಕಾರಿ, ಅದನ್ನು ಹೊತ್ತೂ ಮುಂದಿನ ದಾರಿ ಕಾಣುವಷ್ಟು ಎತ್ತರದವನು.
ಎರಡು, ಶ್ವಾಸಾಧೀನ: ಬ್ಯೂಗಲ್. ಅಧಿಕಾರಿ, ತರಗತಿಯಲ್ಲಿ ಬಾಯಿ ಮುಚ್ಚದವನು.
ಮೂರು, ಕೃಪಾಧೀನ: ಟ್ರಯಾಂಗಲ್. ಅಧಿಕಾರಿ, ಊರ ದೊಡ್ಡವರ ಮಗ.
ನಾಲ್ಕು, ಬೀಗಾಧೀನ: ಕೊಳಲು. ಬೀರುವಿನೊಳಗಿದೆ. ಅಧಿಕಾರಿ, ಬೀಗದ ಕೈ ಇರುವ ಹೆಡ್‌ಮಾಸ್ಟರು.

ಈ ನಾಲ್ಕನ್ನೂ ಆಳುವುದು ಸೀಟಿ. ಶಾಸ್ತ್ರದಂತೆ ಅದೂ ಸುಷಿರವೇ; ಊದುವ ಹಕ್ಕು ಮಾತ್ರ ಒಬ್ಬರದೇ.

ಪೂರ್ವಪಕ್ಷ: "ಸಾರ್, ನಂಗೆ ಕೊಳಲು ಬರುತ್ತೆ. ಡ್ರಮ್ ಬೇಡ." ಹೇಳಿದವನು ಒಂಬತ್ತನೇ ತರಗತಿಯವನು, ಐದೂಮುಕ್ಕಾಲು ಅಡಿ.

ಸಿದ್ಧಾಂತ: "ನೀನು ಕೊಳಲು ಊದಿದ್ರೆ ಡ್ರಮ್ ಹೊರೋನು ಯಾರೋ?"

ಹುಡುಗ ದೃಷ್ಟಾಂತ ಕೊಟ್ಟ. ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ವರ್ಷಗಟ್ಟಲೆ ಹೆಣಗಿ ಅದರಲ್ಲಿ ಗಮಕ ಹೊರಡಿಸಿದರು. ಆ ವಾದ್ಯದ ಕುಲವೂ ವಿಚಿತ್ರ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಅದರ ಮೈಯೆಲ್ಲ ಹಿತ್ತಾಳೆ. ಆದರೂ ನುಡಿಯುವುದು ಬಾಯಿಯ ಹತ್ತಿರದ ಚೂರು ಜೊಂಡಿನ ಪಟ್ಟಿಯಿಂದ ಎಂದು ಪಾಶ್ಚಾತ್ಯರು ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಮೈ ನೋಡಿ ಕುಲ ಹೇಳಬಾರದು ಎಂದಾಯಿತು.

"ಅವರಿಗೆ ಪೆರೇಡ್ ಇರಲಿಲ್ಲ," ಎಂದರು ಮೇಷ್ಟ್ರು.

ಇನ್ನು ಐತಿಹ್ಯ ಪ್ರಮಾಣ. ಬೇಲೂರಿನಲ್ಲಿ, ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಒಬ್ಬ ಹುಡುಗ. ಇದ್ದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದ ಶಿಲ್ಪಿ. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಸುತ್ತ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರಿನೊಂದಿಗೆ ಕಪ್ಪೆ ಜಿಗಿಯಿತು. ಕೈ ಹೋಯಿತು, ಹುಡುಗ ಡಂಕಣ ಸ್ವಂತ ಮಗನೇ ಎಂದು ತಿಳಿಯಿತು. ಕಪ್ಪೆ ಚೆನ್ನಿಗರಾಯ ಎಂಬ ಹೆಸರು ಉಳಿಯಿತು. ಅದೇ ಗುಡಿಯಲ್ಲಿ ವೇಣುಗೋಪಾಲನೂ ಇದ್ದಾನೆ, ಕೊಳಲು ಹಿಡಿದು, ಯಾವ ಬೀರುವಿನ ಹಂಗೂ ಇಲ್ಲದೆ.

ಹುಡುಗ ಮಣಿದು ಡ್ರಮ್ ಕಟ್ಟಿಕೊಂಡ. ಎರಡು ಏಟು ಬಡಿದು ನಿಲ್ಲಿಸಿದ.

"ಸಾರ್, ಇದರೊಳಗೆ ಏನೋ ಇದೆ. ಗಲಗಲ ಅಂತದೆ."

"ದೋಷ ಡ್ರಮ್ಮಲ್ಲಿಲ್ಲ, ನಿನ್ನ ಕೈಯಲ್ಲಿದೆ."

ತಿರುಪು ಸಡಿಲಿಸಿ ಮುಚ್ಚಳ ತೆಗೆದರು. ಒಳಗಿದ್ದದ್ದು ಕಪ್ಪೆಯಲ್ಲ, ಹೋದ ವರ್ಷ ಡ್ರಮ್ಮಿಗೆ ಹೊಸ ಚರ್ಮ ಹಾಕಿಸಿದಾಗಿನಿಂದ ಮೇಷ್ಟ್ರು ಹುಡುಕುತ್ತಿದ್ದ ಸೀಟಿ.

ಜಕಣಾಚಾರಿ ಕೈ ಕಡಿದುಕೊಂಡ. ಮೇಷ್ಟ್ರು ಸೀಟಿಯನ್ನು ಅಂಗಿಗೆ ಒರೆಸಿ ಬಾಯಿಗಿಟ್ಟು ಊದಿದರು.

"ಸಾವಧಾನ್!"

ಕಿವಿ ಗೆದ್ದಿತ್ತು. ಕಾಲು ಮಾತ್ರ ತಾನಾಗಿಯೇ ಜೋಡಿಸಿಕೊಂಡು ನಿಂತಿತು.