ಬೇಲಿ ದಾಟಿದ ಕೊಂಬೆಯ ಬಾಡಿಗೆ

ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆ ಮನೆ ಕೊಳ್ಳುವ ಕನ್ನಡಿಗರು ಶಾಲೆ ನೋಡುತ್ತಾರೆ, ಬಡ್ಡಿ ದರ ನೋಡುತ್ತಾರೆ, ಬಾಗಿಲು ಪೂರ್ವಕ್ಕಿದೆಯೋ ಇಲ್ಲವೋ ಎಂದು ಫೋನಿನ ದಿಕ್ಸೂಚಿ ಹಿಡಿದು ಮನೆಗೆ ಮೂರು ಸುತ್ತು ಹಾಕುತ್ತಾರೆ. ತಲೆ ಎತ್ತಿ ಪಕ್ಕದ ಮನೆಯ ಮರ ನೋಡುವವರು ಕಡಿಮೆ. ಬ್ಯಾಂಕಿನ ಸಾಲ ಮೂವತ್ತು ವರ್ಷಕ್ಕೆ ತೀರುತ್ತದೆ. ರೆಡ್‌ವುಡ್ ಮರಕ್ಕೆ ಮೂವತ್ತು ವರ್ಷವೆಂದರೆ ಇನ್ನೂ ಬಾಲ್ಯ. ಈ ಜಾತಿಯ ಅತಿ ಎತ್ತರದ ಮರ ಇದೇ ಕ್ಯಾಲಿಫೋರ್ನಿಯಾದ ಉತ್ತರದ ಕಾಡಿನಲ್ಲಿ 115 ಮೀಟರ್ ದಾಟಿ ನಿಂತಿದೆ. ಪಕ್ಕದವರ ಮುಖ ಕಾಣದಿರಲಿ ಎಂದು ಆರಡಿ ಬೇಲಿಯ ಪಕ್ಕ ಇಂಥ ಮರದ ಸಾಲನ್ನೇ ನೆಟ್ಟ ಹಿಂದಿನ ಮಾಲೀಕರ ದೂರದೃಷ್ಟಿಯನ್ನು ಏನೆಂದು ಹೊಗಳುವುದು! ಬೇಲಿಯ ಹಲಗೆಯೂ ಅನೇಕ ಕಡೆ ರೆಡ್‌ವುಡ್ಡಿನದೇ. ಗಡಿ ಕಾಯುವವನೂ ಗಡಿ ದಾಟುವವನೂ ಒಂದೇ ಮನೆತನದವರು ಎಂದ ಮೇಲೆ ನ್ಯಾಯ ಎಲ್ಲಿಂದ ಬರಬೇಕು? ಎಲೆ ಉದುರಿ ಮಾಡಿನ ದೋಣಿ ಕಟ್ಟಿಕೊಳ್ಳುತ್ತದೆ, ತುಳಸಿಗೆ ಬಿಸಿಲಿಲ್ಲ, ಹಪ್ಪಳ ಒಣಗಿಸಲು ಜಾಗವಿಲ್ಲ. ಜಗಳ ಶುರು. ಜಗಳದ ಮೂಲ ಕೊಂಬೆ ಬೇಲಿ ದಾಟಿದ್ದೆಂದು ಎರಡೂ ಕಡೆಯವರು ನಂಬಿರುತ್ತಾರೆ. ಅದು ಅಷ್ಟು ನಿಜವಲ್ಲ. ಕೊಂಬೆ ಬೇಲಿ ದಾಟಿ ಬಂದು, ನಮ್ಮ ಜಾಗದಲ್ಲಿ ತಳವೂರಿ, ಬಾಡಿಗೆ ಕೊಡುತ್ತಿಲ್ಲ ಎಂಬುದೇ ನಿಜವಾದ ತಕರಾರು.

ಇದಕ್ಕೆ ಮೊದಲ ಸಾಕ್ಷಿ ನಮ್ಮೂರೇ. ಮೈಸೂರಿನ ಸರಸ್ವತಿಪುರಂ, ಬೆಂಗಳೂರಿನ ಜಯನಗರ, ಬಸವನಗುಡಿಗಳ ಹಳೆಯ ಬೀದಿಗಳಲ್ಲಿ ಕಾಂಪೌಂಡ್ ದಾಟದ ಮರವೇ ಇರಲಿಲ್ಲ. ಆದರೂ ಅದರ ಬಗ್ಗೆ ವಕೀಲರ ಹತ್ತಿರ ಹೋದವರು ಅಪರೂಪ. ದಾಟಿ ಬಂದದ್ದು ಸಂಪಿಗೆ, ಪಾರಿಜಾತ, ನುಗ್ಗೆ, ಸೀಬೆ, ಕರಿಬೇವು. ಸಂಪಿಗೆಯ ಕೊಂಬೆ ಆಚೆ ಬಾಗಿದರೆ ಆಚೆಯವರ ದೇವರಿಗೆ ಹೂವಾಯಿತು, ನುಗ್ಗೆ ಬಾಗಿದರೆ ಹುಳಿಯಾಯಿತು. ಯಾರು ಮೊದಲು ಏಳುತ್ತಾರೋ ಹೂವು ಅವರದು ಎಂಬ ಅಲಿಖಿತ ಕಾಯ್ದೆಯನ್ನು ಬೆಳಗಿನ ಐದೂವರೆಯ ಮಂದಿ ಕೊಕ್ಕೆಕೋಲು, ಪ್ಲಾಸ್ಟಿಕ್ ಚೀಲ ಹಿಡಿದು ದಿನವೂ ಜಾರಿಗೆ ತರುತ್ತಿದ್ದರು. ಗಣೇಶ ಚೌತಿಯ ಇಪ್ಪತ್ತೊಂದು ಬಗೆಯ ಪತ್ರೆಗಳು ಒಂದೇ ಮನೆಯ ಹಿತ್ತಲಲ್ಲಿ ಸಿಕ್ಕವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಪಟ್ಟಿ ಮಾಡಿದವರಿಗೆ ನೆರೆಮನೆಯ ಕಾಂಪೌಂಡು ಗ್ಯಾರಂಟಿ ನೆನಪಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಹಿತ್ತಲಿಗೆ ಸಂಬಂಧಿಸಿದ್ದು. ಪಕ್ಕದವರ ಹಿತ್ತಲ ಗಿಡ ಮಾತ್ರ ಯಾವತ್ತೂ ಮದ್ದೇ.

ಊರಿನಲ್ಲಿ ಜಗಳವೇ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು, ಬೇಕಾದಷ್ಟಿತ್ತು. ತೆಂಗಿನ ಗರಿ ಕಾರಿನ ಮೇಲೆ ಬಿದ್ದದ್ದು, ಎಲೆ ಉದುರಿ ಸಂಪಿನ ನೀರು ಕೆಟ್ಟದ್ದು, ಗಡಿಯ ಹಲಸಿನ ಬೇರು ಪಾಯ ಎತ್ತಿದ್ದು. ಕಡಿಯೋಣವೆಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಆದರೆ ಆ ಜಗಳಗಳನ್ನು ಹತ್ತಿರದಿಂದ ನೋಡಿ. ಹೆಂಚು ಒಡೆದ ತೆಂಗಿನಕಾಯಿ ಹೋಗುತ್ತಿದ್ದುದು ಹೆಂಚು ಒಡೆಸಿಕೊಂಡವರ ಅಡುಗೆಮನೆಗೆ. ಬೈಗುಳ ಕಾಂಪೌಂಡಿನ ಈ ಕಡೆ ನಡೆಯುತ್ತಿರುವಾಗಲೇ ಆ ಕಾಯಿ ಒಳಗೆ ಚಟ್ನಿಯಾಗುತ್ತಿತ್ತು. ನಷ್ಟ ಪರಿಹಾರ ಇಷ್ಟು ಬೇಗ ಇತ್ಯರ್ಥವಾಗುವ ನ್ಯಾಯಾಲಯ ಇನ್ನೆಲ್ಲಿದೆ?

ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಅಲ್ಲಿನ ಸಿವಿಲ್ ಸಂಹಿತೆಯ 833ನೇ ಕಲಮಿನ ಪ್ರಕಾರ ಕಾಂಡ ಪೂರ್ತಿ ಯಾರ ನೆಲದಲ್ಲಿದೆಯೋ ಮರ ಅವರದು, ಬೇರು ಎಲ್ಲಿಗೆ ಬೇಕಾದರೂ ಹೋಗಿರಲಿ. ಗೆರೆ ದಾಟಿದ ಕೊಂಬೆಯನ್ನು ಗೆರೆಯವರೆಗೆ ಕತ್ತರಿಸುವ ಹಕ್ಕು ನಮಗಿದೆ, ಖರ್ಚೂ ನಮ್ಮದೇ. ಆದರೆ ಮರಕ್ಕೆ ಹಾನಿಯಾಗಬಾರದು. ಬೇಕೆಂದೇ ಹಾನಿ ಮಾಡಿದ್ದು ಸಾಬೀತಾದರೆ ನಷ್ಟದ ಮೂರು ಪಟ್ಟಿನವರೆಗೆ ತೆರಬೇಕಾದೀತು. ಅಂಗಳಕ್ಕೆ ನುಗ್ಗಿದ ಪೈನ್ ಮರದ ಬೇರುಗಳನ್ನು ಮೂರಡಿ ಆಳಕ್ಕೆ ಅಗೆಸಿ ಕಡಿಸಿದವರೊಬ್ಬರ ಮೊಕದ್ದಮೆಯಲ್ಲಿ, ಹಕ್ಕಿದೆ ಎಂದ ಮಾತ್ರಕ್ಕೆ ವಿವೇಚನೆ ಬಿಡುವ ಹಾಗಿಲ್ಲ ಎಂದು 1994ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರ ನಮ್ಮದೇ ಆದರೂ ಬಿಡುಗಡೆಯಿಲ್ಲ. ಸನಿವೇಲ್‌ನಲ್ಲಿ ನೆಲದಿಂದ ನಾಲ್ಕೂವರೆ ಅಡಿ ಮೇಲೆ ಕಾಂಡದ ಸುತ್ತಳತೆ 38 ಇಂಚು ಇದ್ದರೆ ಅದನ್ನು ತೆಗೆಸಲು ನಗರಸಭೆಯ ಪರವಾನಗಿ ಬೇಕು. ಟೈಲರ್ ಅಂಗಡಿಯ ಟೇಪು ಕುತ್ತಿಗೆಗೆ ಹಾಕಿಕೊಂಡು ಹಿತ್ತಲಿಗೆ ಹೋಗಬೇಕಾದ ಪರಿಸ್ಥಿತಿ. ಒಟ್ಟಿನಲ್ಲಿ ಕಾನೂನು ನಮ್ಮ ಕೈಗೆ ಗರಗಸ ಕೊಟ್ಟು, ಹುಷಾರಾಗಿ ಬಳಸಿ ಎಂದು ಎಚ್ಚರಿಸಿ ಕಳಿಸುತ್ತದೆ. ತಿನ್ನಲು ಮಾತ್ರ ಏನೂ ಕೊಡುವುದಿಲ್ಲ. ಕೊಂಬೆ ನಮ್ಮ ತಲೆಯ ಮೇಲೇ ತೂಗುತ್ತಿದ್ದರೂ ಅದರ ಹಣ್ಣು ಮರದ ಯಜಮಾನರದೇ ಎನ್ನುವುದು ಅಲ್ಲಿನ ವಕೀಲರ ಸಾಮಾನ್ಯ ಅಭಿಪ್ರಾಯ.

ಯುರೋಪಿನವರು ಈ ವಿಷಯದಲ್ಲಿ ನಮಗೆ ಹತ್ತಿರ. ಜರ್ಮನಿಯ ಸಿವಿಲ್ ಸಂಹಿತೆಯ 911ನೇ ಕಲಮಿನಂತೆ ಮರದಿಂದ ಪಕ್ಕದ ಹಿತ್ತಲಿಗೆ ಬಿದ್ದ ಹಣ್ಣು ಆ ಹಿತ್ತಲಿನದೇ ಫಸಲು. ಫ್ರಾನ್ಸಿನ 673ನೇ ಕಲಮೂ ಹಾಗೇ ಹೇಳುತ್ತದೆ, ಆದರೆ ಹಣ್ಣು ತಾನಾಗಿ ಬಿದ್ದಿರಬೇಕು ಎಂಬ ಷರತ್ತು. ಕಲ್ಲು ಹೊಡೆದು ಮಾವಿನಕಾಯಿ ಬೀಳಿಸಿದ ಬಾಲ್ಯವಿರುವ ನಮ್ಮವರಿಗೆ ಫ್ರಾನ್ಸ್ ಸ್ವಲ್ಪ ಕಷ್ಟ. ಸ್ವಿಟ್ಜರ್ಲೆಂಡ್ ಎಲ್ಲರಿಗಿಂತ ಮುಂದೆ. ಅಲ್ಲಿನ 687ನೇ ಕಲಮಿನ ಪ್ರಕಾರ ಸಾಗುವಳಿಯ ಇಲ್ಲವೇ ಕಟ್ಟಡವಿರುವ ಜಾಗದ ಮೇಲೆ ಚಾಚಿದ ಕೊಂಬೆಯನ್ನು ಯಾರು ಸಹಿಸಿಕೊಳ್ಳುತ್ತಾರೋ ಆ ಕೊಂಬೆಯ ಹಣ್ಣಿನ ಹಕ್ಕು ಅವರದು. ಸಹಿಸಿಕೊಂಡದ್ದಕ್ಕೆ ಸಂಬಳ! ಸರಸ್ವತಿಪುರಂನವರು ಬಾಯಲ್ಲೂ ಹೇಳದೆ ಪಾಲಿಸಿದ್ದನ್ನು ಸ್ವಿಸ್ಸರು ಅಚ್ಚು ಹಾಕಿಸಿ ಇಟ್ಟುಕೊಂಡಿದ್ದಾರೆ. ಗೆರೆ ದಾಟಿದ ಮರವನ್ನು ಮನುಷ್ಯ ಎಲ್ಲೆಲ್ಲಿ ಸೈರಿಸಿಕೊಂಡಿದ್ದಾನೋ ಅಲ್ಲೆಲ್ಲ ಅವನ ಬುಟ್ಟಿಗೆ ಏನಾದರೂ ಬಿದ್ದಿದೆ.

ಏನೂ ಬೀಳದೆ ನೆರಳಷ್ಟೇ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಸನಿವೇಲ್ ಊರಿನದೇ ಪ್ರಸಂಗ ಇದೆ. ಒಂದು ಮನೆಯವರು ಹಿತ್ತಲ ಅಂಚಿನಲ್ಲಿ ಎಂಟು ರೆಡ್‌ವುಡ್ ನೆಟ್ಟಿದ್ದರು. ಆಮೇಲೆ 2001ರಲ್ಲಿ ಪಕ್ಕದವರು ಸೌರಫಲಕ ಹಾಕಿಸಿದರು. ಮರ ಬೆಳೆಯಿತು, ನೆರಳು ಫಲಕದ ಮೇಲೆ ಹತ್ತಿತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಫಲಕದ ಶೇಕಡಾ ಹತ್ತಕ್ಕಿಂತ ಹೆಚ್ಚು ಭಾಗಕ್ಕೆ ನೆರಳು ಬೀಳಿಸಬಾರದೆಂಬ 1978ರ ಕಾಯ್ದೆಯೊಂದು ಅಲ್ಲಿದೆ. ಅದರಡಿ ಜಿಲ್ಲಾ ಸರ್ಕಾರಿ ವಕೀಲರೇ ಮೊಕದ್ದಮೆ ಹೂಡಿ, 2007ರ ಕೊನೆಗೆ ಮರದವರು ತಪ್ಪಿತಸ್ಥರೆಂದು ತೀರ್ಪಾಯಿತು. ಒಬ್ಬರದು ಇಂಗಾಲ ಹೀರುವ ಮರ, ಇನ್ನೊಬ್ಬರದು ಇಂಗಾಲ ಉಳಿಸುವ ಫಲಕ. ಪರಿಸರವನ್ನು ಇಷ್ಟು ಪ್ರೀತಿಸುವ ಎರಡು ಮನೆಗಳು ಪಕ್ಕಪಕ್ಕದಲ್ಲಿದ್ದರೆ ಕೋರ್ಟಿಗೆ ಕೆಲಸ ತಪ್ಪಿದ್ದಲ್ಲ. 2008ರಲ್ಲಿ ಕಾಯ್ದೆಯನ್ನೇ ತಿದ್ದಿ, ಫಲಕಕ್ಕಿಂತ ಮೊದಲು ನೆಟ್ಟ ಮರಕ್ಕೆ ವಿನಾಯಿತಿ ಕೊಟ್ಟರು. ಆ ಎಂಟರಲ್ಲಿ ಒಂದಾದರೂ ಅಂಜೂರವೋ ದಾಳಿಂಬೆಯೋ ಆಗಿದ್ದರೆ ಶಾಸನಸಭೆಗೆ ಆ ಶ್ರಮ ಇರುತ್ತಿರಲಿಲ್ಲವೆಂಬುದು ನನ್ನ ಗುಮಾನಿ. ದಾಳಿಂಬೆ ಮಾಡಿನವರೆಗೆ ಹೇಗೂ ಬೆಳೆಯುವುದಿಲ್ಲ ಎನ್ನುತ್ತೀರಿ. ಹೌದು, ಹಣ್ಣು ಕೊಡುವವರು ಸಾಮಾನ್ಯವಾಗಿ ಕೈಗೆಟಕುವಷ್ಟೇ ಬೆಳೆಯುತ್ತಾರೆ.

ಇಲ್ಲಿಗೆ ಪ್ರವೇಶ ಪ್ರವಾಸಿ ವೀಸಾದ ತಂದೆತಾಯಿಗಳದು. ಅವರಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ಸಿಗುತ್ತದೆ, ಮೊದಲ ಆರು ದಿನದಲ್ಲೇ ಬೀದಿಯ ಹೂಗಿಡಗಳ ಸಮೀಕ್ಷೆ ಮುಗಿದಿರುತ್ತದೆ. ಕ್ಯಾಲಿಫೋರ್ನಿಯಾ ಅವರಿಗೆ ಒಂದು ದೊಡ್ಡ ಪೂಜಾ ಸಾಮಗ್ರಿಯ ಅಂಗಡಿ. ಹೆದ್ದಾರಿಯ ನಡುವೆ ಮೈಲಿಗಟ್ಟಲೆ ಕಣಗಿಲೆ, ಕಂಡ ಕಂಡ ಮನೆಯ ಮುಂದೆ ದಾಸವಾಳ, ಮಲ್ಲಿಗೆ. "ಅಪ್ಪಾ, ಅದು ಅವರ ಗಿಡ, ಕೀಳಬೇಡಿ" ಎಂದು ಮಗ ಹೇಳಿದರೆ, "ಗಿಡ ಅವರದೇ ಕಣೋ, ಹೂವು ದೇವರದು" ಎಂಬ ಉತ್ತರ ಸಿದ್ಧ. "ಮಾವಾ, ಅವರ ಬಾಗಿಲಲ್ಲಿ ಕ್ಯಾಮೆರಾ ಇದೆ" ಎಂದು ಸೊಸೆ ಎಚ್ಚರಿಸಿದರೆ, "ಇರಲಿ ಬಿಡಮ್ಮ, ನಾನೇನು ಕದೀತಾ ಇದೀನಾ?" ಕದಿಯುತ್ತಿದ್ದಾರೆ ಎಂಬುದೇ ಅಲ್ಲಿನ ಕಾನೂನು, ಆದರೆ ಇದನ್ನು ಅವರಿಗೆ ವಿವರಿಸುವಷ್ಟರಲ್ಲಿ ವೀಸಾ ಮುಗಿದಿರುತ್ತದೆ. ಎಲ್ಲಕ್ಕಿಂತ ಸೊಗಸು ಗರಿಕೆಯದು. ಬರ್ಮುಡಾ ಹುಲ್ಲು ಎಂಬ ಹೆಸರಿನಲ್ಲಿ ಅದು ಅಲ್ಲಿನ ಹೂಪಾತಿಗಳ ಪರಮಶತ್ರು. ಬೇಲಿಯ ಅಡಿಯಿಂದ ನುಸುಳಿ ಬರುತ್ತದೆಂದು ಪಕ್ಕದವರು ವಿಷ ಸಿಂಪಡಿಸುತ್ತಾರೆ. ಈಚೆಯ ಮನೆಯಲ್ಲಿ ಅದೇ ಹುಲ್ಲಿಗಾಗಿ ಚೌತಿಯ ಮುನ್ನಾದಿನ ಮನೆಮಂದಿಯೆಲ್ಲ ಬಗ್ಗಿ ಹುಡುಕುತ್ತಾರೆ. ಗಡಿ ದಾಟಿದ್ದು ಒಂದೇ ಹುಲ್ಲು. ಒಂದು ಕಡೆ ಅದು ಅತಿಕ್ರಮಣ, ಇನ್ನೊಂದು ಕಡೆ ಮನೆಬಾಗಿಲಿಗೆ ಸರಬರಾಜು.

ಹಾಗಾದರೆ ಬೇಲಿಯುದ್ದಕ್ಕೂ ನಮಗೆ ಬೇಕಾದ್ದನ್ನೆಲ್ಲ ನೆಟ್ಟು, ದಾಟಿದ್ದನ್ನು ಪಕ್ಕದವರಿಗೆ ಬಾಡಿಗೆಯೆಂದು ಬಿಟ್ಟರಾಯಿತೇ ಎಂದರೆ ಅಷ್ಟು ಸುಲಭವಿಲ್ಲ. ಮೊದಲ ಅಡ್ಡಿ ಕರಿಬೇವಿನದು. ನಿಂಬೆ ಜಾತಿಯ ಮರಗಳನ್ನು ಕೊಲ್ಲುವ ಹಸಿರು ರೋಗ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಾಣಿಸಿದ್ದು 2012ರಲ್ಲಿ. ಅದನ್ನು ಹರಡುವ ಪುಟ್ಟ ಜಿಗಿಹುಳುವಿಗೆ ನಿಂಬೆಯ ನೆಂಟನಾದ ಕರಿಬೇವೂ ಇಷ್ಟ. ಆದ್ದರಿಂದ ನಿರ್ಬಂಧಿತ ಪ್ರದೇಶಗಳಿಂದ ಕರಿಬೇವಿನ ಗಿಡವನ್ನಾಗಲಿ ಎಲೆಯನ್ನಾಗಲಿ ಮನಸ್ಸಿಗೆ ಬಂದಂತೆ ಸಾಗಿಸುವ ಹಾಗಿಲ್ಲ. ಕನ್ನಡ ಕೂಟದ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆಗೆದು ಕೈಬದಲಾಗುವ ಕರಿಬೇವಿನ ಸಸಿಯ ಬಗ್ಗೆ ಕೃಷಿ ಇಲಾಖೆಗೆ ಒಳ್ಳೆಯ ಅಭಿಪ್ರಾಯ ಇಲ್ಲ, ಇರಬೇಕಾದ್ದೂ ಇಲ್ಲ. ಈ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಆದರೆ ಸಾರಿನಲ್ಲಿ ಕುದಿದ ಕರಿಬೇವಿನ ಮೇಲೆ ಯಾವ ಹುಳುವೂ ಬದುಕುವುದಿಲ್ಲ. ಎಲೆಯ ಬದಲು ಸಾರನ್ನೇ ಬೇಲಿ ದಾಟಿಸಬಹುದು.

ಎರಡನೆಯ ಅಡ್ಡಿ ಇನ್ನೂ ಗಟ್ಟಿ. ನಮಗೆ ಬೆಲೆಬಾಳುವುದು ಅವರಿಗೆ ಬೇಡದಿದ್ದರೆ? ಬೇಲಿ ಹತ್ತಿ ಆಚೆ ಇಳಿದ ಹಾಗಲಬಳ್ಳಿ ಯಾವ ಅಮೆರಿಕನ್ನರಿಗೂ ಬಾಡಿಗೆಯೆನಿಸದು. ನಮ್ಮ ಮಕ್ಕಳಿಗೇ ಎನಿಸಿಲ್ಲ. ಜನವರಿಯಲ್ಲಿ ಮೇಯರ್ ಎಂಬ ಜಾತಿಯ ನಿಂಬೆ ತುಂಬಿದ ಚೀಲ ಒಯ್ದು ಕೊಟ್ಟರೆ ಅದು ಕಸ ಸಾಗಿಸಿದ ಲೆಕ್ಕ, ಏಕೆಂದರೆ ಆಗ ಅವರೂ ಯಾರಿಗೆ ಕೊಡಲಿ ಎಂದು ಚೀಲ ಹಿಡಿದೇ ನಿಂತಿರುತ್ತಾರೆ. ಹೆಚ್ಚಾದ ಹಿತ್ತಲ ಹಣ್ಣನ್ನು ಕೊಯ್ದು ಹಸಿದವರಿಗೆ ಮುಟ್ಟಿಸಲೆಂದೇ ಸ್ಯಾನ್ ಹೋಸೆಯಲ್ಲಿ ವಿಲೇಜ್ ಹಾರ್ವೆಸ್ಟ್ ಎಂಬ ಸಂಸ್ಥೆ 2001ರಿಂದ ಸ್ವಯಂಸೇವಕರನ್ನು ಕಳಿಸುತ್ತಿದೆ ಎಂದರೆ ಅಲ್ಲಿ ಹಣ್ಣಿಗೆ ಬರವಿಲ್ಲವೆಂದು ಅರ್ಥ. ಕಂಪ್ಯೂಟರ್ ಚಿಪ್ಪು ಮಾಡುವ ಮುನ್ನ ಈ ಊರುಗಳಿರುವ ಕಣಿವೆಯಿಡೀ ಏಪ್ರಿಕಾಟ್, ಪ್ಲಮ್ ತೋಟವಾಗಿತ್ತು. ಮಣ್ಣು ಅದನ್ನು ಮರೆತಿಲ್ಲ. ಹಾಗಾಗಿ ಬಾಡಿಗೆ ಕೊಡುವವರು ಪಡೆಯುವವರ ನಾಲಿಗೆ ನೋಡಬೇಕು. ಆಚೆ ಚೀನೀ ಅಜ್ಜಿಯಿದ್ದರೆ ಪರ್ಸಿಮನ್, ತೆಲುಗರಿದ್ದರೆ ಗೋಂಗೂರ, ಗುಜರಾತಿಗಳಿದ್ದರೆ ಏನು ಕೊಟ್ಟರೂ ಉಪ್ಪಿನಕಾಯಿಯಾಗಿ ವಾಪಸು ಬರುತ್ತದೆ. ಆಚೆಯವರೂ ಕನ್ನಡಿಗರೇ ಆಗಿದ್ದರೆ ಮಾತ್ರ ಏನು ಕೊಟ್ಟರೂ, "ನಮ್ಮ ಊರಿನದರಷ್ಟು ರುಚಿ ಇಲ್ಲ ಬಿಡಿ" ಎಂಬ ರಸೀದಿ ಸಿಗುವುದು ಖಂಡಿತ.

ಮೂರನೆಯ ಆಕ್ಷೇಪಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೇರು ಬಾಡಿಗೆ ಕೊಡುವುದಿಲ್ಲ. ಚರಂಡಿಯ ಪೈಪಿನೊಳಗೆ ಇಳಿದ ಬೇರು ಹೂವನ್ನೂ ತರದು, ಹಣ್ಣನ್ನೂ ತರದು. ಪ್ಲಂಬರ್ ಬಿಲ್ಲನ್ನಷ್ಟೇ ತರುತ್ತದೆ. ಅಂಥಲ್ಲಿ ಪಾಯಸ ಮಾಡಿ ಕೊಟ್ಟು ಪ್ರಯೋಜನವಿಲ್ಲ. ಮರದ ವೈದ್ಯರನ್ನು ಕರೆಸಿ, ಪಕ್ಕದವರಿಗೆ ಕಾಗದ ಬರೆದು, 1994ರ ತೀರ್ಪನ್ನು ನೆನಪಿಟ್ಟುಕೊಂಡೇ ಅಗೆಸಬೇಕು. ಒಣಗಿ ನಿಂತು ಮಾಡಿನ ಮೇಲೆ ಬೀಳುವಂತಿರುವ ಮರಕ್ಕೂ ಇದೇ ದಾರಿ. ನನ್ನ ವಾದ ಹಸಿರು ಕೊಂಬೆಗಳಿಗೆ ಮಾತ್ರ, ಆದರೆ ಬೇಲಿ ಪಕ್ಕದ ಜಗಳಗಳಲ್ಲಿ ಬಹುಪಾಲು ಹಸಿರು ಕೊಂಬೆಗಳವೇ.

ಆದ್ದರಿಂದ ಹೊಸದಾಗಿ ಮನೆ ಕೊಂಡವರಲ್ಲಿ ಒಂದು ಅರಿಕೆ. ದಾಳಿಂಬೆ, ಪರ್ಸಿಮನ್‌ಗಳ ಬರಿಬೇರಿನ ಸಸಿಗಳು ಅಲ್ಲಿನ ನರ್ಸರಿಗಳಿಗೆ ಬರುವುದು ಚಳಿಗಾಲದಲ್ಲಿ, ಸುಮಾರು ಸಂಕ್ರಾಂತಿಯ ಹೊತ್ತಿಗೆ. ರೆಡ್‌ವುಡ್ಡಿನ ಕಡೆ ನೋಡದೆ ಅವುಗಳಲ್ಲೊಂದನ್ನು ತನ್ನಿ. ಬೇಲಿಯಿಂದ ಸಾಕಷ್ಟು ದೂರ, ಕಾಂಡ ಪೂರ್ತಿ ನಿಮ್ಮ ಕಡೆಗೇ ಇರುವಂತೆ ನೆಡಿ, ಕೊಂಬೆ ಎಲ್ಲಿಗೆ ಬೇಕಾದರೂ ಹೋಗಲಿ. ಸ್ನೇಹ ಹೆಚ್ಚಾಗಿ ಗೆರೆಯ ಮೇಲೇ ನೆಟ್ಟಿರೋ, 834ನೇ ಕಲಮಿನ ಪ್ರಕಾರ ಮರ ಎರಡೂ ಮನೆಯವರ ಜಂಟಿ ಆಸ್ತಿಯಾಗುತ್ತದೆ. ಆಮೇಲೆ ಅದನ್ನು ಕಡಿಸಲು ಇಬ್ಬರೂ ಒಪ್ಪಬೇಕು.