ಸಜ್ಜನರ ಅಪರಾಧಗಳು

ಪರದೇಶಕ್ಕೆ ಹೊರಟವರಿಗೆ ನಮ್ಮ ಕಡೆ ಹೇಳುವ ಬುದ್ಧಿಮಾತು ಒಂದೇ: ‘ಹುಷಾರರೀ, ಕೆಟ್ಟ ಚಾಳಿಗೆ ಹೋಗಬ್ಯಾಡ್ರಿ.’ ವಿಜಯಪುರ ಜಿಲ್ಲೆಯ ನಿಡೋಣಿಯಂಥ ಊರಿನಿಂದ ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ, ದುಬೈಗೆ ವಿಮಾನ ಹತ್ತುವ ಅಪ್ಪ-ಅವ್ವಂದಿರಿಗೆ ಇದು ಪೂರ್ತಿ ನಿರುಪಯೋಗಿ ಮಾತು ಎಂಬುದು ನನ್ನ ವಾದ. ಕೆಟ್ಟ ಚಾಳಿಯವನಿಗೆ ಪೊಲೀಸರಿಂದ ದೂರ ಇರುವ ಅಭ್ಯಾಸ ಮೊದಲಿನಿಂದಲೂ ಇದೆ. ದೇಶ ಬದಲಾದರೆ ಅವನಿಗೆ ಬದಲಾಗುವುದು ಹವಾಮಾನ ಮಾತ್ರ. ಸಿಕ್ಕಿಬೀಳುವವರು ಸಜ್ಜನರು. ಅದೂ ಊರು ತಲೆ ಸವರಿ ಕಲಿಸಿದ ಒಳ್ಳೆಯ ಗುಣಗಳಿಂದಲೇ.

ಮೊದಲು ಮರ್ಯಾದೆಯನ್ನು ನೋಡೋಣ. ತಿಕೋಟಾ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಮಾಡಿದರೆ ಗಾಡಿಯಲ್ಲಿ ಕುಳಿತೇ ಮಾತಾಡುವುದು ಸೊಕ್ಕು. ಸಾಹೇಬರು ಬೇವಿನ ಗಿಡದ ನೆರಳಲ್ಲಿ ನಿಂತಿರುತ್ತಾರೆ; ಅವರನ್ನು ಬಿಸಿಲಿಗೆ ಕರೆಯುವುದುಂಟೆ? ನಮ್ಮವನು ಇಳಿದು, ನಾಲ್ಕು ಹೆಜ್ಜೆ ಬಿರುಸಿನಿಂದ ನಡೆದು, ಒಳಜೇಬಿಗೆ ಕೈ ಹಾಕುತ್ತಲೇ ‘ನಮಸ್ಕಾರರೀ ಸಾಹೇಬ್ರ, ನಾವು ಇಲ್ಲೇ ನಿಡೋಣಿಯವ್ರರೀ’ ಎನ್ನುತ್ತಾನೆ. ಇದರಲ್ಲಿ ತಪ್ಪು ಹುಡುಕುವವನು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಇದೇ ನಾಲ್ಕು ಹೆಜ್ಜೆಯನ್ನು ಅಮೆರಿಕದಲ್ಲಿ ಇಟ್ಟರೆ ಪಿಸ್ತೂಲು ಹೊರಬರಬಹುದು. ಅಲ್ಲಿ ಪೊಲೀಸರ ಕಾರು ಹಿಂದಿನಿಂದ ಬಂದು ಕೆಂಪು-ನೀಲಿ ದೀಪ ಮಿನುಗಿಸುತ್ತದೆ. ಗಾಡಿಯನ್ನು ಬಲಕ್ಕೆ ನಿಲ್ಲಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟು, ಅಲುಗಾಡದೆ ಕೂರಬೇಕು. ಲೈಸೆನ್ಸ್ ಜೇಬಿನಲ್ಲಿದ್ದರೆ ‘ತೆಗೆಯಲೇ?’ ಎಂದು ಕೇಳಿ ತೆಗೆಯಬೇಕು. ಇದಕ್ಕೆ ಕಾರಣ ಆ ಪೊಲೀಸನ ದುರಹಂಕಾರವಲ್ಲ, ಲೆಕ್ಕಾಚಾರ. ಸ್ಮಾಲ್ ಆರ್ಮ್ಸ್ ಸರ್ವೇ ಎಂಬ ಸಂಸ್ಥೆಯ 2018ರ ಅಂದಾಜಿನ ಪ್ರಕಾರ ಆ ದೇಶದಲ್ಲಿ 100 ಜನಕ್ಕೆ ಸುಮಾರು 120 ಬಂದೂಕುಗಳಿವೆ, ಅಂದರೆ ತೊಟ್ಟಿಲ ಕೂಸಿಗೂ ಒಂದು ಹಂಚಿ ಮಿಗುವಷ್ಟು. ನಮ್ಮವನ ಜೇಬಿನಲ್ಲಿರುವುದು ಲೈಸೆನ್ಸು ಮತ್ತು ಎಲೆ-ಅಡಿಕೆಯ ಚಂಚಿ ಎಂದು ಅವನಿಗೆ ಹೇಗೆ ತಿಳಿಯಬೇಕು?

ಮರ್ಯಾದೆಯ ಬೆನ್ನಿಗೇ ಬರುವ ಗುಣ ಮಾತುಗಾರಿಕೆ. ನಮ್ಮಲ್ಲಿ ಪೊಲೀಸರೆದುರು ಸುಮ್ಮನೆ ನಿಂತವನು ಕಳ್ಳ. ಬಾಯಿಬಿಟ್ಟು ಮನೆತನ, ಹೊಲದ ಸರ್ವೆ ನಂಬರು, ಬೀಗರ ಊರು ಎಲ್ಲ ಹೇಳಿದವನು ಸಂಭಾವಿತ. ಹೀಗೆ ಹೇಳುತ್ತ ಹೋದಂತೆ ಎಲ್ಲೋ ಒಂದು ನೆಂಟಸ್ತಿಕೆ ಸಿಕ್ಕು ಪ್ರಕರಣ ಚಹಾದಲ್ಲಿ ಮುಗಿಯುವುದೂ ಉಂಟು. ಅಮೆರಿಕದಲ್ಲಿ ಬಂಧಿಸಿ ವಿಚಾರಣೆ ಮಾಡುವ ಮುನ್ನ ಪೊಲೀಸರೇ ‘ನೀವು ಸುಮ್ಮನಿರಬಹುದು, ಆಡಿದ್ದೆಲ್ಲ ನಿಮ್ಮ ವಿರುದ್ಧ ಬಳಕೆಯಾಗುತ್ತದೆ’ ಎಂದು ಎಚ್ಚರಿಸಬೇಕು. 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮಿರಾಂಡಾ ಪ್ರಕರಣದಲ್ಲಿ ಹಾಗೆ ವಿಧಿಸಿತು. ಸುಮ್ಮನಿರಿ ಎಂದು ಪೊಲೀಸರೇ ಹೇಳಿದಾಗ ನಮ್ಮವನಿಗೆ ಪಾಪ ಅನ್ನಿಸಿ ಇನ್ನಷ್ಟು ಮಾತಾಡುತ್ತಾನೆ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸುವಂತಿಲ್ಲ ಎಂದು ನಮ್ಮ ಸಂವಿಧಾನದ 20ನೇ ವಿಧಿಯ 3ನೇ ಖಂಡವೂ 1950ರಿಂದ ಹೇಳುತ್ತಿದೆ ಎಂದು ನೀವು ಆಕ್ಷೇಪಿಸಬಹುದು. ಹೇಳುತ್ತಿದೆ, ನಿಜ. ಆದರೆ ಆ ಹಕ್ಕು ಚಲಾಯಿಸಿ ಊರಲ್ಲಿ ಒಳ್ಳೆಯ ಹೆಸರು ತೆಗೆದವರುಂಟೆ? ಚಹಾದ ವಿಷಯವೂ ಇಷ್ಟೇ. ‘ಚಾಕ್ಕರ ಇರಲಿರೀ’ ಎಂದು ನೋಟು ಚಾಚುವುದು ಸಿಂಗಪುರದಲ್ಲಿ 5 ವರ್ಷದವರೆಗಿನ ಸೆರೆಗೆ ದಾರಿ. 2018ರ ತಿದ್ದುಪಡಿಯ ನಂತರ ನಮ್ಮಲ್ಲಿ ಲಂಚ ಕೊಟ್ಟವನಿಗೂ 7 ವರ್ಷದವರೆಗೆ ಆಗಬಹುದು. ಕಾಗದದ ಮೇಲೆ ನಾವೇ ಕಠಿಣರು.

ಇನ್ನು ಮಮತೆ. ಮಗಳ ಬಾಣಂತನಕ್ಕೆ ಹೊರಟ ತಾಯಿಯ ಪೆಟ್ಟಿಗೆಯಷ್ಟು ಪವಿತ್ರ ವಸ್ತು ಲೋಕದಲ್ಲಿ ಇನ್ನೊಂದಿಲ್ಲ, ಕಸ್ಟಮ್ಸ್ ದೃಷ್ಟಿಯಿಂದ ಅಷ್ಟು ಅಪಾಯದ್ದೂ ಇನ್ನೊಂದಿಲ್ಲ. ಅಂಟಿನುಂಡಿಗೆ ಒಣಕೊಬ್ಬರಿ, ಬೆಲ್ಲ, ಉತ್ತತ್ತಿಯ ಜೊತೆ ಹಿಡಿ ಗಸಗಸೆ ಬೀಳದಿದ್ದರೆ ಬಾಣಂತಿಗೆ ನಿದ್ದೆ ಹೇಗೆ ಬಂದೀತು? ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ, ಸಿಂಗಪುರದಲ್ಲಿಯೂ ತರುವಂತಿಲ್ಲ. ಅಫೀಮಿನ ಗಿಡದ್ದೇ ಬೀಜವಾದ್ದರಿಂದ ಅವರ ಅನುಮಾನಕ್ಕೆ ಬೇರೂ ಇದೆ; ನಿದ್ದೆ ಬರುತ್ತದೆ ಎಂದು ಆ ತಾಯಿ ತಾನಾಗಿಯೇ ಒಪ್ಪಿಕೊಂಡರೆ ಮುಗಿಯಿತು. ದುಬೈಗೆ ವೀಳ್ಯದೆಲೆಯೂ ನಿಷಿದ್ಧ. 2021ರ ಏಪ್ರಿಲ್‌ನಲ್ಲಿ ಭಾರತದಿಂದ ವಾಷಿಂಗ್ಟನ್ನಿಗೆ ಬಂದ ಒಂದು ಪೆಟ್ಟಿಗೆಯಲ್ಲಿ ಕಸ್ಟಮ್ಸಿನವರಿಗೆ ಎರಡು ಸೆಗಣಿ ಕುಳ್ಳು ಸಿಕ್ಕವು. ಅವನ್ನು ನಾಶ ಮಾಡಿ ಸುದ್ದಿಯನ್ನೂ ಪ್ರಕಟಿಸಿದರು. ಕುಳ್ಳಿಗೆ ಇಷ್ಟು ಗದ್ದಲವೇ ಎಂದು ನಗುವ ಮೊದಲು ಕಾಲುಬಾಯಿ ಬೇನೆಯನ್ನು ನೆನೆಯಬೇಕು. ಅಮೆರಿಕದಲ್ಲಿ 1929ರ ನಂತರ ಆ ಬೇನೆ ಕಾಣಿಸಿಲ್ಲ. ಬ್ರಿಟನ್ನಿಗೆ 2001ರಲ್ಲಿ ಅದು ಬಂದಾಗ ತಡೆಯಲೆಂದು 60 ಲಕ್ಷಕ್ಕೂ ಹೆಚ್ಚು ಜಾನುವಾರು, ಕುರಿಗಳನ್ನು ಕೊಂದರು. ಎತ್ತು ಬಾಯಲ್ಲಿ ನೊರೆ ಸುರಿಸುತ್ತ ನಿಂತದ್ದನ್ನು ನೋಡಿದ ನಮ್ಮ ರೈತನಿಗೆ ಈ ಕಾನೂನು ಯಾರೂ ವಿವರಿಸಬೇಕಿಲ್ಲ. ಅವನನ್ನು ಆ ಕಸ್ಟಮ್ಸ್ ಕಟ್ಟೆಯ ಆಚೆ ಕೂರಿಸಿದ್ದರೆ ಅವನೂ ಅದನ್ನೇ ಮಾಡುತ್ತಿದ್ದ.

ಮಮತೆಗಿಂತ ದುಬಾರಿ ಉಪಕಾರ. ‘ಇದೊಂದು ಗಂಟು ವಿಜಾಪುರ ಬಸ್‌ಸ್ಟ್ಯಾಂಡಿನಾಗ ನಮ್ಮ ಅಳಿಯಗ ಕೊಟ್ಟಬಿಡ್ರಿ’ ಎಂದರೆ ಒಳಗೇನಿದೆ ಎಂದು ಕೇಳುವುದು ಕೊಟ್ಟವರಿಗೆ ಅವಮಾನ. 2019ರಲ್ಲಿ ಮುಂಬಯಿಯ ದಂಪತಿಯೊಂದು ಸಂಬಂಧಿಕರೇ ಕೊಟ್ಟ ಪೊಟ್ಟಣ ಹೊತ್ತು ಕತಾರಿಗೆ ಇಳಿಯಿತು. ಅದರಲ್ಲಿದ್ದದ್ದು ಸುಮಾರು 4 ಕಿಲೋ ಚರಸ್. 10 ವರ್ಷದ ಶಿಕ್ಷೆಯಾಗಿ, ತಮಗೆ ಗೊತ್ತಿರಲಿಲ್ಲ ಎಂದು ಸಾಬೀತಾಗಿ ಬಿಡುಗಡೆಯಾಗುವ ಹೊತ್ತಿಗೆ 2021 ಬಂದಿತ್ತು. ಊರ ಜಾತ್ರೆಗೆ, ಗುಡಿಯ ಕಳಸಕ್ಕೆ ಪಟ್ಟಿ ಎತ್ತುವವರೂ ಇದೇ ಜಾತಿಯ ಉಪಕಾರಿಗಳು. ದುಬೈಯಲ್ಲಿರುವ ನಾಲ್ಕು ಮಂದಿಯಿಂದ ವಾಟ್ಸಾಪಿನಲ್ಲಿ ಪಟ್ಟಿ ಕೇಳುವುದು ಪುಣ್ಯದ ಕೆಲಸ. ಅಲ್ಲಿ ಅನುಮತಿಯಿಲ್ಲದೆ ದಾನ ಸಂಗ್ರಹಿಸುವುದು ಅಪರಾಧ. ರಶೀದಿ ಪುಸ್ತಕ ಇದ್ದರಂತೂ ಸಾಕ್ಷಿಯೂ ಕೈಯಲ್ಲೇ.

ಇದೆಲ್ಲ ಬರೀ ಅಜ್ಞಾನ, ಹೋಗುವ ಮೊದಲು ವಿಚಿತ್ರ ಕಾನೂನುಗಳ ಪಟ್ಟಿ ಓದಿಕೊಂಡರೆ ಸಾಕು ಎಂದು ಓದಿದವರು ಹೇಳುತ್ತಾರೆ. ಅಂಥ ಪಟ್ಟಿಯ ತಲೆಯ ಮೇಲೆ ಸದಾ ಸಿಂಗಪುರದ ಚ್ಯೂಯಿಂಗ್ ಗಮ್ ನಿಷೇಧ ಇರುತ್ತದೆ. 1992ರಿಂದ ಅದು ಜಾರಿಯಲ್ಲಿದೆ, ಒಪ್ಪೋಣ. ಆದರೆ ನಿಡೋಣಿಯಿಂದ ಸಿಂಗಪುರಕ್ಕೆ ಗಮ್ ಒಯ್ಯುವ ಅಜ್ಜನನ್ನು ನಾನು ಊಹಿಸಲಾರೆ. ವಿಚಿತ್ರ ಕಾನೂನಿಗೆ ವಿಮಾನವೂ ಬೇಡ, ಗಡಿಯಾಚೆಯ ಜತ್ತಿಗೆ ಹೋದರೆ ಸಾಕು. ಮಹಾರಾಷ್ಟ್ರದಲ್ಲಿ ಕುಡಿಯುವವನ ಹತ್ತಿರ ಸರ್ಕಾರದ ಪರವಾನಗಿ ಇರಬೇಕು. ಒಂದು ದಿನಕ್ಕೂ ಸಿಗುತ್ತದೆ, ಆಜೀವವೂ ಸಿಗುತ್ತದೆ. ಇದು 1949ರ ಮುಂಬಯಿ ಪಾನನಿರೋಧ ಕಾಯ್ದೆಯ ಉಳಿಕೆ. ಆಗ ನಮ್ಮ ಜಿಲ್ಲೆಯೂ ಮುಂಬಯಿ ರಾಜ್ಯದ್ದೇ. 1956ರ ನವೆಂಬರ್ 1ರಂದು ಗಡಿ ಸರಿದು ನಾವು ಈಚೆಗೆ ಬಂದೆವು. ಗಡಿಯಾಚೆಯ ಕನ್ನಡ ಹಳ್ಳಿಯವನು ಅದೇ ಭಾಷೆಯಲ್ಲಿ ತೊದಲುತ್ತಿದ್ದರೂ ಕಾಗದ ಬೇರೆ. ಇಂಥ ಕಾನೂನನ್ನು ಒಮ್ಮೆ ಓದಿ ನೆನಪಿಡಬಹುದು. ಗಾಡಿಯಿಂದ ಇಳಿಯುವ ಕಾಲು ಮಾತ್ರ ಓದಿನ ಮಾತು ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರದ್ದು: ಸಜ್ಜನನ ಗುಣವನ್ನೇಕೆ ದೂರುತ್ತೀರಿ, ಪೊಲೀಸರ ತಪ್ಪಿರಬಾರದೇ? ಇರಬಹುದು. 2015ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಊರಿನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದವರೊಬ್ಬರು ಬೆಳಿಗ್ಗೆ ಮಗನ ಮನೆಯ ಮುಂದಿನ ಬೀದಿಯಲ್ಲಿ ನಡೆದಾಡುತ್ತಿದ್ದರು. ನೆರೆಯವರೊಬ್ಬರು ಅನುಮಾನದಿಂದ ಫೋನು ಮಾಡಿದರು. ಇಂಗ್ಲಿಷ್ ಬರುವುದಿಲ್ಲ ಎಂದವರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಅವರ ಕೈಕಾಲು ಭಾಗಶಃ ಸ್ವಾಧೀನ ತಪ್ಪಿತು. ಆ ರಾಜ್ಯದ ಗವರ್ನರ್ ಭಾರತದ ಕ್ಷಮೆ ಕೇಳಿದರು, ಪರಿಹಾರವಾಗಿ 17.5 ಲಕ್ಷ ಡಾಲರ್ ಒಪ್ಪಂದವಾದದ್ದು 2021ರಲ್ಲಿ. ಆ ಪೊಲೀಸನಿಗೆ ಶಿಕ್ಷೆಯಾಗಲಿಲ್ಲ. ಬೀದಿಯಲ್ಲಿ ನಡೆಯಬಾರದೆಂಬ ಕಾನೂನು ಅಲ್ಲೂ ಇಲ್ಲ, ಆ ಹಿರಿಯರು ಯಾವುದನ್ನೂ ಮುರಿದಿರಲಿಲ್ಲ. ಇಲ್ಲಿ ನನ್ನ ವಾದಕ್ಕೆ ನಗುವ ಅಧಿಕಾರವಿಲ್ಲ. ಕಾಲಿಗೆ ಕೆಲಸ ಕೊಡುತ್ತ, ಕಂಡವರ ಮನೆಗಳನ್ನು ನೋಡುತ್ತ ಹೋಗುವ ಹಳ್ಳಿಯ ಹಿರಿಯರಿಗೆ ಮಗನ ವಿಳಾಸ, ಫೋನ್ ನಂಬರ್ ಬರೆದ ಚೀಟಿಯನ್ನು ಜೇಬಿನಲ್ಲಿ ಇಟ್ಟು ಕಳಿಸಬೇಕು ಎನ್ನಬಹುದು. ಆದರೆ ಅದನ್ನು ತೆಗೆಯಲೂ ಜೇಬಿಗೆ ಕೈ ಹಾಕಬೇಕಲ್ಲ! ಕೊರಳಿಗೆ ಕಟ್ಟುವುದೇ ಲೇಸು.

ಅವರ ಸಜ್ಜನರು ನಮ್ಮಲ್ಲಿಗೆ ಬಂದಾಗಲೂ ನ್ಯಾಯ ಇದೇ. ಗುಡ್ಡಗಾಡಿನಲ್ಲಿ ದಾರಿ ತಪ್ಪಿದರೆ ಇರಲಿ ಎಂದು ಜಾಗರೂಕನಾದ ಪ್ರವಾಸಿ ಉಪಗ್ರಹ ಫೋನು ತರುತ್ತಾನೆ. ಪರವಾನಗಿಯಿಲ್ಲದೆ ಅದು ನಮ್ಮಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಅಂಥವರನ್ನು ಪೊಲೀಸರಿಗೆ ಒಪ್ಪಿಸಿದ್ದಾರೆ. 2008ರ ಮುಂಬಯಿ ದಾಳಿಕೋರರ ಬಳಿ ಅಂಥ ಫೋನು ಇತ್ತೆಂಬುದು ಅವನಿಗೆ ಯಾಕೆ ನೆನಪಿರಬೇಕು? ಅದನ್ನು ದಾಟಿ ಗೋಳಗುಮ್ಮಟ ನೋಡಲು ಬಂದವನು ವಿಜಯಪುರದ ಗಾಂಧಿ ಚೌಕದಲ್ಲಿ ವಾಹನಗಳು ತನಗಾಗಿ ನಿಲ್ಲುತ್ತವೆಂದು ಕಾನೂನು ಪಾಲಿಸುತ್ತ ನಿಂತೇ ಇರುತ್ತಾನೆ. ಕೊನೆಗೆ ನಮ್ಮವನೊಬ್ಬ ಕರುಣೆಯಿಂದ ‘ಬರ್ರೀ ಸಾಹೇಬ್ರ’ ಎಂದು ಅವನ ಕೈ ಹಿಡಿದು, ಬಸ್ಸು ಟಂಟಂಗಳಿಗೆ ಅಂಗೈ ತೋರಿಸುತ್ತ ಆಚೆ ದಡ ಮುಟ್ಟಿಸುತ್ತಾನೆ. ಮುಂದಿನ ತಿಂಗಳು ಮಗನ ಹತ್ತಿರ ಅಮೆರಿಕಕ್ಕೆ ಹೊರಟಿರುವವನು ಅವನೇ ಆಗಿದ್ದರೆ, ಈ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗು ಎಂದು ಯಾರಾದರೂ ಹೇಳಿ ಕಳಿಸಲಿ.