ಮೊದಲು ಇಳಿಸಿಕೊಂಡು ಬನ್ನಿ

ಹೊಟ್ಟೆ ತೆಗೆಸಿಕೊಳ್ಳೋಣವೆಂದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದರೆ, "ಮೊದಲು ಹೊಟ್ಟೆ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಎಂದುಬಿಟ್ಟರು. ನೌಕರಿಯುದ್ದಕ್ಕೂ ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತು, "ಮೊದಲು ನಿಮ್ಮ ಮಾರ್ಜಿನ್ ಹಣ ತನ್ನಿ, ಉಳಿದದ್ದು ನಾವು ಕೊಡ್ತೀವಿ" ಎಂದು ಮನೆ ಕಟ್ಟಲು ಹೊರಟವರನ್ನು ಬರಿಗೈಲಿ ಕಳಿಸಿದವನು ನಾನು. "ದುಡ್ಡಿದ್ದಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ದೆ" ಎಂದು ಅವರು ಗೊಣಗಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಆ ಗೊಣಗಾಟದಲ್ಲಿ ಎಂಥ ನ್ಯಾಯವಿತ್ತೆಂದು ಈಗ ಗೊತ್ತಾಯಿತು.

ನನ್ನ ಹೊಟ್ಟೆ ರಾತ್ರೋರಾತ್ರಿ ಬಂದದ್ದಲ್ಲ. ದಾವಣಗೆರೆ ಶಾಖೆಯ ಬೆಣ್ಣೆ ದೋಸೆ, ಧಾರವಾಡದ ಫೇಡೆ, ಗೋಕಾಕದ ಕರದಂಟು, ಮಂಗಳೂರಿನ ಗೋಳಿಬಜೆ, ಹೀಗೆ ವರ್ಗವಾದ ಊರೂರಿನ ಠೇವಣಿ ಅಲ್ಲಿದೆ. ಸರ್ವೀಸ್ ರಿಜಿಸ್ಟರಿನಲ್ಲಿ ಬಿಟ್ಟುಹೋದದ್ದೆಲ್ಲ ಹೊಟ್ಟೆಯಲ್ಲಿ ದಾಖಲಾಗಿದೆ. ಚಿಕ್ಕಂದಿನಲ್ಲಿ ನಾನು ಎಂಥ ಸೊಣಕಲನಾಗಿದ್ದೆನೆಂದರೆ, ಮಗು ಉಳಿದರೆ ಸಾಕೆಂದು ಅಮ್ಮ ಧರ್ಮಸ್ಥಳದಲ್ಲಿ ಬೆಲ್ಲದ ತುಲಾಭಾರ ಹರಸಿಕೊಂಡಿದ್ದಳಂತೆ. ಹರಕೆ ಸ್ವಲ್ಪ ಜಾಸ್ತಿಯೇ ಫಲಿಸಿತು. ಹಂಪಿಯಲ್ಲಿ ವಿಜಯವಿಠ್ಠಲ ದೇವಸ್ಥಾನದ ಹತ್ತಿರ ಎರಡು ಕಂಬ, ಮೇಲೊಂದು ಅಡ್ಡತೊಲೆಯ ತುಲಾಭಾರ ನಿಂತಿದೆಯಲ್ಲ, ಅಲ್ಲಿ ರಾಜರು ಚಿನ್ನಕ್ಕೆ ತೂಗಿಸಿಕೊಂಡು ಅದನ್ನು ದಾನ ಮಾಡುತ್ತಿದ್ದರಂತೆ. ರಾಜನ ಹೊಟ್ಟೆ ಒಂದು ಸೇರು ಬೆಳೆದರೆ ದಾನ ಪಡೆಯುವವರಿಗೆ ಒಂದು ಸೇರು ಚಿನ್ನ ಹೆಚ್ಚು. ನನ್ನ ಹೊಟ್ಟೆ ಕಾಲ ತಪ್ಪಿ ಹುಟ್ಟಿದೆ.

ಆಪರೇಷನ್ನಿನ ಯೋಚನೆ ಬಂದದ್ದು ನಿವೃತ್ತಿಯಾದ ಮೇಲೆ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕುವ ನಮ್ಮ ತಂಡಕ್ಕೆ ಒಂದು ಶಿಸ್ತಿದೆ. ಸುತ್ತು ಮುಗಿದ ಮೇಲೆ ಗಾಂಧಿ ಬಜಾರಿಗೆ ಹೋಗಿ ದೋಸೆ ತಿಂದೇ ಮನೆಗೆ. ಕಾಲು ಸಂಪಾದಿಸಿದ್ದನ್ನು ಬಾಯಿ ಖರ್ಚು ಮಾಡುತ್ತಿತ್ತು. "ಅದೇನೋ ಬಾಡಿ ಕಾಂಟೂರಿಂಗ್ ಅಂತೆ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು ಬರ್ತಾರಂತೆ" ಎಂದು ತಂಡದವರೊಬ್ಬರು ಹೇಳಿದ್ದೇ ತಡ, ಸಂಜೆಯೊಳಗೆ ಇಪ್ಪತ್ತು ಕಿಲೋ ಇಳಿದು ಆಟೋದಿಂದ ಹಾರಿ ಇಳಿಯುವ ನನ್ನನ್ನೇ ನಾನು ಕಂಡೆ.

ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು: 91. ಗೋಡೆಗೆ ಒರಗಿಸಿ ಎತ್ತರ ನೋಡಿದರು: 168 ಸೆಂಟಿಮೀಟರ್. ಕ್ಯಾಲ್ಕುಲೇಟರ್ ಒತ್ತಿ "ಬಿಎಂಐ 32" ಎಂದರು. ಈ ಲೆಕ್ಕದ ಮೂಲಪುರುಷ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ. 1830ರ ದಶಕದವನು, ವೃತ್ತಿಯಿಂದ ಖಗೋಳಶಾಸ್ತ್ರಜ್ಞ. ನಕ್ಷತ್ರ ಎಣಿಸಿಕೊಂಡು ಸುಮ್ಮನಿರಬಾರದಿತ್ತೆ? ಕಿಲೋವನ್ನು ಮೀಟರಿನ ವರ್ಗದಿಂದ ಭಾಗಿಸುವ ಈ ಸೂತ್ರವನ್ನು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತೆ ಮೇಲೆತ್ತಿ ಈಗಿನ ಹೆಸರಿಟ್ಟ. "ಭಾರತೀಯರಿಗೆ 25 ದಾಟಿದರೇ ಬೊಜ್ಜು" ಎಂದರು ಡಾಕ್ಟರು. "ಆ ಲೆಕ್ಕದಲ್ಲಿ ನೀವು 70 ಕಿಲೋ ಇರಬೇಕು. ಹಾಗಂದರೆ ಈ ಜನ್ಮದಲ್ಲಿ ನೀವು ವಾಪಸು ಬರೋದಿಲ್ಲ. 84ಕ್ಕೆ ಬನ್ನಿ, ಬಿಎಂಐ 30ರ ಕೆಳಗಾಗುತ್ತೆ. ಬಂದು ಆರು ತಿಂಗಳು ಅಲ್ಲೇ ನಿಲ್ಲಿ."

ನಾನು ಚೌಕಾಸಿಗೆ ಇಳಿದೆ. ಲೈಪೋಸಕ್ಷನ್ನಿನಲ್ಲಿ ಒಂದೇ ಸಲ ಇಪ್ಪತ್ತು ಕಿಲೋ ಹೀರಿಬಿಟ್ಟರೆ 84 ಏನು, 71ಕ್ಕೇ ಬರುತ್ತೇನಲ್ಲ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಒಂದು ಸಲಕ್ಕೆ ಐದು ಲೀಟರೆಂಬುದೇ ಸುರಕ್ಷತೆಯ ಗೆರೆಯಂತೆ. ಅದರಲ್ಲೂ ಮೊದಲು ಒಳಗೆ ಬಿಟ್ಟ ಉಪ್ಪುನೀರು, ಮದ್ದು ಎಲ್ಲ ಸೇರಿರುತ್ತದೆ. ಪ್ಯಾರಿಸಿನ ಇವ್ ಜೆರಾರ್ ಇಲ್ಲೂಜ್ 1977ರ ಸುಮಾರಿಗೆ ನಳಿಕೆಯಿಂದ ಕೊಬ್ಬು ಹೀರುವ ಈ ವಿಧಾನವನ್ನು ಬಳಕೆಗೆ ತಂದದ್ದು ದೇಹದ ಆಕಾರ ತಿದ್ದುವುದಕ್ಕೆ, ತೂಕ ಇಳಿಸುವುದಕ್ಕಲ್ಲ. ಅದಕ್ಕೂ ಹಿಂದೆ, 1920ರ ದಶಕದಲ್ಲಿ, ಅದೇ ದೇಶದ ಒಬ್ಬ ಸರ್ಜನ್ ನರ್ತಕಿಯೊಬ್ಬಳ ಕಾಲಿನ ಕೊಬ್ಬು ಕೆರೆದು ತೆಗೆಯಲು ಹೋಗಿ, ಗ್ಯಾಂಗ್ರೀನ್ ಆಗಿ ಕಾಲನ್ನೇ ಕತ್ತರಿಸಬೇಕಾಗಿ ಬಂದಿತ್ತು. ಇದನ್ನು ಕೇಳಿ ನಾನು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

ಆಮೇಲೆ ಮೇಜಿನ ಮೇಲೆ ಮಲಗಿಸಿ, ಹೊಕ್ಕುಳಿನ ಪಕ್ಕ ಹೆಬ್ಬೆರಳು ತೋರುಬೆರಳಿನಲ್ಲಿ ಚಿವುಟಿ ಹಿಡಿದರು. ಸಿಕ್ಕಿದ್ದು ಒಂದು ಹಿಡಿ. "ಇದು ನನ್ನ ಪಾಲು" ಎಂದರು. ಆಮೇಲೆ ಅಂಗೈ ಅಗಲಿಸಿ ಉಳಿದ ಗುಡ್ಡವನ್ನು ತಟ್ಟಿದರು. ಗಟ್ಟಿಯಾಗಿತ್ತು. "ಇದು ನಿಮ್ಮ ಪಾಲು. ಈ ಕೊಬ್ಬು ಮಾಂಸಖಂಡದ ಗೋಡೆಯ ಆಚೆ, ಕರುಳಿನ ಸುತ್ತ ಕೂತಿದೆ. ಅಲ್ಲಿಗೆ ನನ್ನ ನಳಿಕೆ ಹೋಗೋ ಹಾಗಿಲ್ಲ. ಹೋದರೆ ಬಿಎಂಐ ನೋಡೋಕೆ ನೀವೇ ಇರೋದಿಲ್ಲ." ನನ್ನ ವಯಸ್ಸಿನ ಗಂಡಸರ ಗಟ್ಟಿ ಹೊಟ್ಟೆಯ ಬಹುಪಾಲು ಹೀಗೆ ಗೋಡೆಯಾಚೆಯದೇ ಅಂತೆ. ಸಮಾಧಾನದ ಸಂಗತಿಯೆಂದರೆ, ನಡೆದಾಡಿ ತಿಂಡಿ ತಗ್ಗಿಸಿದರೆ ಬೇಗ ಕರಗುವುದೂ ಅದೇ. ಅಂದರೆ ಡಾಕ್ಟರು ಮುಟ್ಟಲಾಗದ್ದನ್ನು ನಾನು ಕರಗಿಸಬಲ್ಲೆ. ನಾನು ಎಷ್ಟು ನಡೆದರೂ ಹಟ ಹಿಡಿದು ಕೂರುವ ಆ ಒಂದು ಹಿಡಿಯನ್ನು ಅವರು ತೆಗೆಯಬಲ್ಲರು. ಸಾಲದ ಕಡತ ನೋಡಿದವನಿಗೆ ಇಷ್ಟು ಚೊಕ್ಕ ಪಾಲುದಾರಿಕೆ ಅರ್ಥವಾಗದೆ ಇರುತ್ತದೆಯೇ?

ಹೊರಗೆ ನನ್ನ ಸರದಿಗೆ ಮುಂಚೆ ಕೂತಿದ್ದ ಹುಡುಗಿ, ಈ ಬಾಡಿ ಕಾಂಟೂರಿಂಗಿಗೆ ನಿಜವಾಗಿ ಲಾಯಕ್ಕಾದವಳು. ಜಠರ ಚಿಕ್ಕದು ಮಾಡುವ ಆಪರೇಷನ್ನಿನ ನಂತರ ನಲವತ್ತಕ್ಕೂ ಹೆಚ್ಚು ಕಿಲೋ ಕಳೆದುಕೊಂಡಿದ್ದಳು. ತೂಕ ಹೋಗಿತ್ತು, ಚರ್ಮ ಮಾತ್ರ ಹಾಗೇ ಉಳಿದಿತ್ತು. ಬೇಸಿಗೆಯಲ್ಲಿ ಹೊಟ್ಟೆಯ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತದೆ, ಕುಪ್ಪಸದ ತೋಳಿಗೆ ಬೇರೆ ಅಳತೆ, ಸೊಂಟಕ್ಕೆ ಬೇರೆ ಅಳತೆ ಎಂದಳು. ಅವಳನ್ನೂ ಡಾಕ್ಟರು ವರ್ಷಕ್ಕಿಂತ ಹೆಚ್ಚು ಕಾಯಿಸಿದ್ದರು, ತೂಕ ಒಂದು ಕಡೆ ನಿಲ್ಲಲಿ ಎಂದು. ಚರ್ಮ ಕತ್ತರಿಸಿ ಹೊಲಿದ ಮೇಲೆ ಮತ್ತೆ ಇಳಿದರೆ ಮತ್ತೆ ಜೋಲುತ್ತದೆ. ಏರಿದರೆ ಉಳಿದ ಕೊಬ್ಬಿನ ಕೋಶಗಳು ಉಬ್ಬಿ ಹೊಲಿಗೆಯನ್ನೇ ಎಳೆಯುತ್ತವೆ. "ಅಂಕಲ್, ನೀವು ಎಷ್ಟು ಇಳಿಸಿದ್ದೀರಿ?" ಎಂದು ಕೇಳಿದಳು. ನಾನು ಕಿಟಕಿಯ ಕಡೆ ನೋಡಿ ಟ್ರಾಫಿಕ್ಕಿನ ಬಗ್ಗೆ ಮಾತು ತೆಗೆದೆ.

ತಮಾಷೆಯ ನಡುವೆ ಒಂದು ಮಾತು ಹೇಳಲೇಬೇಕು. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬಳು, 21 ವರ್ಷದ ಹುಡುಗಿ, ಕೊಬ್ಬು ತೆಗೆಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡಳು. ಪೇಪರಿನಲ್ಲಿ ಫೋಟೋ ನೋಡಿದಾಗ, ಈ ಮಗುವಿನ ಮೈಯಲ್ಲಿ ತೆಗೆಯುವಂಥದ್ದು ಏನಿತ್ತು ಎಂದು ನನ್ನ ಹೆಂಡತಿ ಕೇಳಿದ್ದಳು. ನನ್ನ ಹತ್ತಿರ ಆಗಲೂ ಉತ್ತರವಿರಲಿಲ್ಲ.

ಈಗ ಮನೆಯಲ್ಲಿ ನನ್ನ ಮಾರ್ಜಿನ್ ಹಣ ಕೂಡಿಸುವ ಕೆಲಸ ನಡೆದಿದೆ. ಗಾಜಿನ ತೂಕದ ಯಂತ್ರವೊಂದು ಬಂದಿದೆ. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಏರುತಗ್ಗು. ಹಾಲಿನಲ್ಲಿ ನಿಂತರೆ 89, ದೇವರ ಮನೆಯ ಹೊಸ್ತಿಲ ಬಳಿ 87 ಮತ್ತು ಚಿಲ್ಲರೆ. ನಾನು ಯಂತ್ರವನ್ನು ದೇವರ ಮನೆಯ ಹತ್ತಿರವೇ ಇಟ್ಟೆ. "ಅಲ್ಲಿ ತೂಗಿದ್ರೆ ಪಾಪವೂ ಕಡಿಮೆ ತೋರಿಸುತ್ತೆ" ಎಂದ ಹೆಂಡತಿ ಅದನ್ನು ಹಾಲಿಗೇ ತಂದಿಟ್ಟಳು. ಏಕಾದಶಿ ಉಪವಾಸ ಶುರುಮಾಡಿದೆ. ಆದರೆ ನಮ್ಮ ಮನೆಯ ಏಕಾದಶಿಗೆ ಅವಲಕ್ಕಿ, ಸಜ್ಜಿಗೆ, ಸಾಬೂದಾನಿ, ಬಾಳೆಹಣ್ಣಿನ ರಸಾಯನ, ಮರುದಿನ ದ್ವಾದಶಿಯ ಪಾರಣೆ ಬೇರೆ. ಉಪವಾಸವಿದ್ದ ವಾರವೇ ತೂಕ ಏರಿತು. ಮದುವೆ ಮನೆಗಳಂತೂ ಕೇಳಬೇಡಿ. ಎಲೆಯ ಮುಂದೆ ಬಗ್ಗಿ, "ಸಂಕೋಚ ಮಾಡ್ಕೋಬೇಡಿ, ಇನ್ನೊಂದೇ ಹೋಳಿಗೆ" ಎಂದು ತುಪ್ಪದ ಮಿಳ್ಳೆ ಹಿಡಿದು ನಿಂತ ಗಂಡಿನ ಸೋದರಮಾವನಿಗೆ ಕ್ವೆಟ್ಲೆಯ ಸೂತ್ರ ವಿವರಿಸುವುದು ಹೇಗೆ? ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕಳೆಯಬೇಕು. ಹೋಳಿಗೆ ಒಳಗೆ ಹೋಗಲು ಎರಡು ನಿಮಿಷ ಸಾಕು.

ಆದರೂ ನಿಧಾನಕ್ಕೆ ಇಳಿಯುತ್ತಿದೆ. ಪಾರ್ಕಿನ ತಂಡದೊಂದಿಗೆ ಸುತ್ತು ಹಾಕುತ್ತೇನೆ, ದೋಸೆಗೆ ಮುಂಚೆ ತಪ್ಪಿಸಿಕೊಂಡು ಬರುತ್ತೇನೆ. ಹಾಲಿನ ಲೆಕ್ಕದಲ್ಲೇ ಈಗ 86. ಬೆಲ್ಟಿನ ತೂತು ಒಂದು ಒಳಗೆ ಬಂದಿದೆ. ಡಾಕ್ಟರು ಚಿವುಟಿದ ಆ ಒಂದು ಹಿಡಿ ಮಾತ್ರ ಕದಲಿಲ್ಲ. ಅವರ ಪಾಲು ಅವರಿಗಾಗಿ ಜೋಪಾನವಾಗಿದೆ. ಅದನ್ನು ತೆಗೆಸುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಆರೋಗ್ಯ ವಿಮೆ ಸೌಂದರ್ಯದ ಆಪರೇಷನ್ನಿಗೆ ದುಡ್ಡು ಕೊಡುವುದಿಲ್ಲ, ಮೇಲೆ ಜಿಎಸ್‌ಟಿ ಬೇರೆ. ಪಿಂಚಣಿಯವನು ಇದನ್ನೂ ಯೋಚಿಸಬೇಕು.

ನಿಮಗೂ ಇಂಥ ಆಸೆ ಇದ್ದರೆ ಹೋಗಿ ಬನ್ನಿ, ನಾಚಿಕೆಪಡುವಂಥದ್ದೇನೂ ಇಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲೇ ಪದವಿ ಪಡೆದವರೋ, ಹೆಚ್ಚುಕಡಿಮೆಯಾದರೆ ಪಕ್ಕದಲ್ಲಿ ಐಸಿಯು ಇದೆಯೋ ಎಂದು ಬಾಯಿಬಿಟ್ಟು ಕೇಳಿ. ತೂಕ ಇಳಿಸಿಕೊಂಡು ಬನ್ನಿ ಎಂದು ಬೈದು ಕಳಿಸಿದರೆ ಅವರ ಹೆಸರು ಬರೆದಿಟ್ಟುಕೊಳ್ಳಿ. ನೋಡಿದ ಮೊದಲ ದಿನವೇ ತಾರೀಖು ಕೊಟ್ಟು ಅಡ್ವಾನ್ಸ್ ಕಟ್ಟಿ ಎಂದರೆ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಿ.